ಬಲಗಡೆಯ ಗಟ್ಟಿ ಸದ್ದು

ಜನವರಿ ೧೨

ಭಾಮೈದನಿಗೆ,

ನಿನ್ನ ಅಕ್ಕ ಇದ್ದಿದ್ದರೆ ಮೊದಲು ಕ್ಷೇಮ ಅಂತ ಬರೆಸಿ ಆಮೇಲೆ ಬೇರೆ ಮಾತಿಗೆ ಬಿಡುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾದರೂ ಪೆನ್ನು ಹಿಡಿದ ಕೂಡಲೇ ಬೆನ್ನ ಹಿಂದೆ ನಿಂತು ಇಣುಕುತ್ತಾಳೆ ಅನ್ನಿಸುತ್ತದೆ. ಆದ್ದರಿಂದ, ಕ್ಷೇಮ.

ನಡುವೆ ಒಂದು ಸಣ್ಣ ಕಿರಿಕಿರಿ. ಮಹಡಿ ಹತ್ತಿದರೆ ಉಸಿರು ಸಾಲದು, ಒಣ ಕೆಮ್ಮು, ಬಲ ಪಕ್ಕೆಯಲ್ಲಿ ಏನೋ ಭಾರ. ಮೊನ್ನೆ ಒಂದು ಬಾತ್‌ರೂಮಿನ ಗೋಡೆಗೆ ಟೈಲ್ಸ್ ಹಚ್ಚುವಾಗ ಎರಡು ಸಾಲಿಗೊಮ್ಮೆ ಕೂರುತ್ತಿದ್ದೆ. ಮೇಸ್ತ್ರಿ ನೋಡಿ, "ಆಸ್ಪತ್ರೆಗೆ ಹೋಗ್ತೀಯೋ, ಇಲ್ಲ ಮನೆಗೆ ಹೋಗ್ತೀಯೋ?" ಅಂದ. ಮನೆಯಲ್ಲಿ ನಾನೇ ರಾಜ, ನಾನೇ ಮಂತ್ರಿ, ಮಾತಾಡಿಸುವ ಪ್ರಜೆ ಮಾತ್ರ ಇಲ್ಲ. ಆಸ್ಪತ್ರೆಗೇ ಹೋದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊದಲೇ ಮೆತ್ತಗಿನ ಮಾತು, ಮೇಲೆ ಮುಖಕ್ಕೆ ಮಾಸ್ಕು. ನನ್ನ ಕಿವಿಯ ಕಥೆ ನಿನಗೆ ಗೊತ್ತೇ ಇದೆ, ಟೈಲ್ಸ್ ಕೊಯ್ಯುವ ಮೆಷಿನ್ನು ಅದನ್ನು ಎಂದೋ ತಿಂದು ಹಾಕಿತು. ಹತ್ತು ಮಾತಿನಲ್ಲಿ ಎರಡು ಸಿಕ್ಕಿದವು, ಮಿಕ್ಕಿದ್ದಕ್ಕೆಲ್ಲ ತಲೆ ಆಡಿಸಿದೆ. ಆದರೆ ಆಮೇಲೆ ಅವರು ಮಾಡಿದ್ದು ನೋಡಿ ದಂಗಾದೆ ಕಣೋ! ಎಡಗೈ ಬೆರಳನ್ನು ನನ್ನ ಬೆನ್ನಿಗೆ ಒತ್ತಿ, ಬಲಗೈ ಬೆರಳಿನಿಂದ ಅದರ ಮೇಲೆ ಟಕ್ ಟಕ್ ಅಂತ ತಟ್ಟಿದರು. ಮೇಲಿನಿಂದ ಕೆಳಕ್ಕೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಸಾಲು ತಪ್ಪದೆ. ಹಾಸಿದ ನೆಲವನ್ನು ನಾವು ಹಾಗೇ ಅಲ್ಲವೇ ತಟ್ಟಿ ನೋಡುವುದು, ಕೆಳಗೆ ಗಾರೆ ತುಂಬಿದೆಯೋ, ಗಾಳಿ ಉಳಿದಿದೆಯೋ ಅಂತ? ಅದೇ ವಿದ್ಯೆ.

ಕಿವಿ ಕೇಳದಿದ್ದರೂ ಮೈಗೆ ಗೊತ್ತಾಗುತ್ತದೆ. ಎಡಗಡೆ ಪೂರ್ತಿ ಟೊಳ್ಳು. ಬಲಗಡೆ ಮೇಲೂ ಟೊಳ್ಳು. ಬಲಗಡೆ ಕೆಳಗೆ ಮಾತ್ರ ಗಟ್ಟಿ, ಕಲ್ಲು ತಟ್ಟಿದ ಹಾಗೆ. "ಬಲಗಡೆ ಕೆಳಗೆ ಗಟ್ಟಿ ಇದೆ ಅಲ್ವಾ ಡಾಕ್ಟ್ರೇ?" ಅಂದೆ. ಅವರು ನನ್ನನ್ನೇ ನೋಡಿ, "ಹೌದು, ಗಟ್ಟಿ ಇದೆ. ನಿಮಗೆ ಹೇಗೆ ಗೊತ್ತಾಯ್ತು?" ಅಂದರು. ನಮ್ಮ ಕಸುಬಿನ ಮರ್ಯಾದೆ ಉಳಿಯಿತು. ಎಕ್ಸ್‌ರೇಗೆ ಚೀಟಿ ಬರೆದು ಕೊಟ್ಟಿದ್ದಾರೆ. ಗಟ್ಟಿ ಇರುವ ಕಡೆ ನೋವು ಬಂದರೆ ಏನು ಮಹಾ, ಭಾರ ಹೊತ್ತು ಬಂದಿರುತ್ತದೆ. ಆ ಟೊಳ್ಳಿನದೇ ನನಗೆ ಯೋಚನೆ. ನೀನೇನಂತೀಯ?

ನಿನ್ನ ಭಾವ


ಜನವರಿ ೩೦

ಭಾವನವರಿಗೆ,

ಕಾಗದ ಓದಿ ಒಬ್ಬನೇ ನಕ್ಕೆ. ಇಲ್ಲಿ ಕೆಲಸಗಾರರ ಕ್ಯಾಂಪಿನಲ್ಲಿ ಪಕ್ಕದ ಮಂಚದವನು ಏನು ಅಂತ ಕೈಸನ್ನೆ ಮಾಡಿದ. ಅವನಿಗೆ ನಮ್ಮ ಭಾಷೆ ಬಾರದು, ನನಗೆ ಅವನದು ಬಾರದು. ಏನಂತ ಹೇಳಲಿ, ನಮ್ಮ ಭಾವನ ಬೆನ್ನಿಗೂ ಟೈಲ್ಸ್ ಪರೀಕ್ಷೆ ಆಯಿತು ಅಂತಲೇ?

ನೀವು ಹೇಳಿದ್ದು ಸರಿ. ಗಟ್ಟಿ ಇದ್ದ ಕಡೆ ಕೈ ಹಾಕಬೇಡ ಅಂತ ಕಲಿಸಿದವರೇ ನೀವು. ಎಡಗಡೆಯನ್ನು ಜೋಪಾನ ಮಾಡಿ. ಆ ಕೈಯಲ್ಲಿ ಚೀಲ ಹೊರಬೇಡಿ, ಆ ಮಗ್ಗುಲಿಗೆ ಮಲಗಬೇಡಿ. ಗಟ್ಟಿ ಮಗ್ಗುಲು ಕೆಳಗಿರಲಿ, ಭಾರ ತಡೆದುಕೊಳ್ಳುತ್ತದೆ. ಎಕ್ಸ್‌ರೇ ಅಂತ ದಿನವೆಲ್ಲ ಕ್ಯೂ ನಿಂತರೆ ಇಲ್ಲದ ಕಾಯಿಲೆ ಬರುತ್ತದೆ. ಈ ವಯಸ್ಸಿಗೆ ಮಹಡಿ ಹತ್ತಿದರೆ ಯಾರಿಗೆ ಏದುಸಿರು ಬರುವುದಿಲ್ಲ ಹೇಳಿ? ಸ್ವಲ್ಪ ಬಿಸಿ ಎಣ್ಣೆ ಹಚ್ಚಿಕೊಳ್ಳಿ.

ಇಲ್ಲಿ ಕೆಲಸ ಜೋರು. ದೊಡ್ಡ ಕಟ್ಟಡ, ಎತ್ತ ನೋಡಿದರೂ ನೆಲ. ನಿಮಗೆ ತೋರಿಸಬೇಕಿತ್ತು. ನಾನು ಆರಾಮ, ನನ್ನ ಚಿಂತೆ ಬೇಡ.

ನಿಮ್ಮ ಭಾಮೈದ


ಫೆಬ್ರವರಿ ೧೮

ಭಾಮೈದನಿಗೆ,

ನಿನ್ನ ಮಾತಿನಂತೆ ಬಲ ಮಗ್ಗುಲಿಗೇ ಮಲಗುತ್ತಿದ್ದೇನೆ. ನಿಜಕ್ಕೂ ಹಾಗೆ ಮಲಗಿದರೆ ಉಸಿರು ಹಗುರ, ಎಡಕ್ಕೆ ಹೊರಳಿದರೆ ಕಟ್ಟುತ್ತದೆ. ನೋಡು, ನಮ್ಮ ಲೆಕ್ಕಾಚಾರ ಸುಳ್ಳಾಗಲಿಲ್ಲ. ಶಿಷ್ಯ ಗುರುವನ್ನು ಮೀರಿಸಿದ ಅಂತ ನಿನ್ನ ಅಕ್ಕನಿಗೆ ಕೇಳುವ ಹಾಗೆ ಜೋರಾಗಿ ಹೇಳಿದೆ. ಅಡುಗೆಮನೆಯಿಂದ ಉತ್ತರ ಬರಲಿಲ್ಲ.

ಕೆಲಸಕ್ಕೆ ಸ್ವಲ್ಪ ದಿನ ರಜೆ. ಹಾಗೆ ಸುಮ್ಮನೆ. ಊಟ ಅಷ್ಟಾಗಿ ಸೇರುವುದಿಲ್ಲ, ಬೆಲ್ಟಿಗೆ ಹೊಸ ತೂತು ಹಾಕಿದೆ, ತೆಳ್ಳಗಾದರೆ ಒಳ್ಳೆಯದೇ. ಮಾತಾಡಿದರೆ ವಾಕ್ಯದ ನಡುವೆ ಒಮ್ಮೆ ನಿಲ್ಲಬೇಕು. ಆದರೆ ಯಾರ ಜೊತೆ ಮಾತಾಡಬೇಕಾಗಿದೆ? ಹಾಗಾಗಿ ಅದೂ ತೊಂದರೆಯಿಲ್ಲ.

ನೀನು ಮೊದಲಿನ ಹಾಗೆ ಉದ್ದ ಕಾಗದ ಬರೆಯುವುದಿಲ್ಲ. ಕೆಲಸ ಹೆಚ್ಚಿರಬೇಕು.

ನಿನ್ನ ಭಾವ


ಮಾರ್ಚ್ ೬

ಭಾವ,

ಈ ಕಾಗದ ಸಿಕ್ಕ ಗಳಿಗೆಯಲ್ಲೇ ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಕಿವಿಗೆ ಕೇಳಿಸದು.

ಇವತ್ತು ಹೆಬ್ಬೆರಳಿಗೆ ಪೆಟ್ಟಾಗಿ ಸೈಟಿನ ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲಿಯ ನರ್ಸಮ್ಮ ಈ ಕ್ಯಾಂಪಿನಲ್ಲಿ ನಮ್ಮ ಮಾತು ಬಲ್ಲ ಒಬ್ಬರೇ ಜೀವ. ಬ್ಯಾಂಡೇಜು ಕಟ್ಟುವಾಗ ನಗಿಸೋಣ ಅಂತ ನಿಮ್ಮ ಕಥೆ ಹೇಳಿದೆ. ನಾವು ಬುದ್ಧಿವಂತರು ಹೇಗೆ ಸದ್ದು ಹಿಡಿದೆವು ಅಂತ. ಅವರು ನಗಲಿಲ್ಲ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು.

"ಎದೆ ಅಂದ್ರೆ ನೆಲ ಅಲ್ಲ ಕಣ್ರೀ. ಅದರೊಳಗೆ ಗಾಳಿ ಇರ್ಬೇಕು. ಟೊಳ್ಳು ಸದ್ದು ಬಂದ್ರೇನೇ ಸರಿ. ಕಲ್ಲು ತಟ್ಟಿದ ಹಾಗೆ ಬಂದ್ರೆ ಅಲ್ಲಿ ನೀರು ನಿಂತಿದೆ ಅಂತ" ಅಂದರು.

"ಬಲ ಮಗ್ಗುಲಿಗೆ ಮಲಗಿದ್ರೆ ಹಾಯಾಗಿದೆ ಅಂತ ಬರೆದಿದ್ದಾರೆ" ಅಂದೆ.

"ಹಾಗೇ ಆಗೋದು. ಕೆಟ್ಟ ಮಗ್ಗುಲು ಕೆಳಗಿದ್ರೆ ಒಳ್ಳೆ ಮಗ್ಗುಲಿಗೆ ಉಸಿರಾಡೋಕೆ ಜಾಗ ಸಿಗುತ್ತೆ. ಎಕ್ಸ್‌ರೇಲಿ ಏನು ಬಂತು?"

ಬೇಡ ಅಂದವನು ನಾನೇ ಅಂತ ಹೇಳದೆ ಈ ಕಾಗದ ಬರೆಯಲು ಓಡಿ ಬಂದೆ. ನೀವು ಎತ್ತು ಈಯಿತು ಅಂದಿರಿ, ನಾನು ಕೊಟ್ಟಿಗೆಗೆ ಕಟ್ಟಿ ಅಂದೆ. ಡಾಕ್ಟರಮ್ಮ ಹೇಳಿದ 'ಗಟ್ಟಿ' ಬೇರೆ, ನಮ್ಮ 'ಗಟ್ಟಿ' ಬೇರೆ. ಅವರ ಗಟ್ಟಿ ಕಾಯಿಲೆ ಭಾವ. ಎಣ್ಣೆ ಬೇಡ, ಏನೂ ಬೇಡ, ಹೊರಡಿ. ಅಲ್ಲಿ ತಲೆ ಆಡಿಸಬೇಡಿ, ದಮ್ಮಯ್ಯ. ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನಿ.

ಭಾಮೈದ


ಮಾರ್ಚ್ ೨೫

ಭಾವ,

ಉತ್ತರ ಬಂದಿಲ್ಲ. ದಿನಾ ಆಫೀಸಿನ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ಗುಮಾಸ್ತ ಈಗ ನನ್ನ ಮುಖ ಕಂಡ ಕೂಡಲೇ ಇಲ್ಲ ಅಂತ ತಲೆ ಅಲ್ಲಾಡಿಸುತ್ತಾನೆ. ಬೈದಾದರೂ ನಾಲ್ಕು ಸಾಲು ಬರೆಯಿರಿ.

ಭಾಮೈದ


ಮಾರ್ಚ್ ೨೮
ಆಸ್ಪತ್ರೆಯ ಮಂಚದಿಂದ

ಭಾಮೈದನಿಗೆ,

ಅಕ್ಷರ ಸೊಟ್ಟಗಿದ್ದರೆ ಗಾಬರಿ ಬೇಡ, ಬರೆಯುತ್ತಿರುವುದು ನಾನೇ, ಮಂಚ ಮಾತ್ರ ಸೊಟ್ಟಗಿದೆ.

ನಿನ್ನ ಕಾಗದ ಸಿಕ್ಕ ದಿನವೇ ಹೊರಟೆ. ದಾರಿಯಲ್ಲಿರುವ ಕಟ್ಟೆಗಳ ಮೇಲೆಲ್ಲ ಒಂದೊಂದು ಸಲ ಕೂತು ತಲುಪಿದೆ. ಈಗ ಹೇಳಿಬಿಡುತ್ತೇನೆ, ಬೈಯಬೇಡ. ಹಿಂದಿನ ಕಾಗದ ಬರೆದ ಮೇಲೆ ನಾನು ಯಾವ ಮಗ್ಗುಲಿಗೂ ಮಲಗಿರಲಿಲ್ಲ. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗೆ. ಕುರ್ಚಿಯಲ್ಲಿ ಕೂತು ಮೇಜಿಗೆ ತಲೆ ಕೊಟ್ಟು ಬೆಳಗು ಮಾಡುತ್ತಿದ್ದೆ.

ಎಕ್ಸ್‌ರೇಯಲ್ಲಿ ಎಡಗಡೆ ಕಪ್ಪಗಿದೆ, ಬಲಗಡೆ ಅರ್ಧಕ್ಕಿಂತ ಮೇಲಿನವರೆಗೂ ಬೆಳ್ಳಗೆ. ಬಿಳಿ ಒಳ್ಳೆಯದೋ ಕೆಟ್ಟದ್ದೋ ಅಂತ ಈ ಸಲ ಮೊದಲೇ ಕೇಳಿದೆ. ಡಾಕ್ಟರಮ್ಮ ಮಾಸ್ಕು ಕೆಳಗಿಳಿಸಿ, ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು. ಇಡೀ ವಾರ್ಡಿಗೆ ನನ್ನ ಕಾಯಿಲೆ ಬಾಯಿಪಾಠ ಆಗಿದೆ. ಶ್ವಾಸಕೋಶದ ಮೇಲೆ ಒಂದು ಪೊರೆ, ಪಕ್ಕೆಗೂಡಿನ ಒಳಮೈಗೆ ಇನ್ನೊಂದು ಪೊರೆ. ಎರಡೂ ಒಂದರ ಮೇಲೊಂದು ಜಾರಲಿ ಅಂತ ನಡುವೆ ಚಮಚದಷ್ಟು ನೀರು ಎಲ್ಲರಿಗೂ ಇರುತ್ತದಂತೆ. ಇಂಗುವುದಕ್ಕಿಂತ ಹೆಚ್ಚು ಊರಿದರೆ ಅದು ಅಲ್ಲೇ ನಿಂತು ಶ್ವಾಸಕೋಶವನ್ನು ಮೂಲೆಗೆ ಒತ್ತುತ್ತದೆ. ನಾನು ನೀರು ಹೆಚ್ಚು ಕುಡಿದೆನೇ ಅಂದೆ. "ಕುಡಿದ ನೀರಲ್ಲ ಇದು. ಹೃದಯ ಸೋತರೂ ಬರುತ್ತೆ, ನಿಮೋನಿಯಾಕ್ಕೂ ಬರುತ್ತೆ, ಟಿಬಿಗೂ ಬರುತ್ತೆ, ಬೇರೆ ಕಾರಣಾನೂ ಇರುತ್ತೆ. ನಿಮ್ಮದು ಯಾಕೆ ಬಂತು ಅಂತ ಆ ನೀರನ್ನೇ ಕೇಳ್ಬೇಕು" ಅಂದರು.

ಮಂಚದ ಅಂಚಿಗೆ ಕೂರಿಸಿ, ಮುಂದೆ ಮೇಜಿಟ್ಟು, ದಿಂಬು ತಬ್ಬಿಕೊಂಡು ಬಾಗು ಅಂದರು. ಸ್ಕ್ಯಾನ್ ಮೆಷಿನ್ನಿನಲ್ಲಿ ಜಾಗ ನೋಡಿ ಗುರುತು ಹಾಕಿ, ಮರಗಟ್ಟಿಸಿ, ಎರಡು ಪಕ್ಕೆಲುಬಿನ ನಡುವೆ ಸೂಜಿ ಇಳಿಸಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಅಲ್ಲಾಡಬೇಡಿ, ಕೆಮ್ಮು ಬಂದರೆ ಹೇಳಿ ಅಂದರು. ನೀರು ತಿಳಿಹಳದಿ ಇರಬಹುದು ಅಂದುಕೊಂಡಿದ್ದರಂತೆ, ಬಂದದ್ದು ಹಾಲಿಲ್ಲದ ಟೀ ಬಣ್ಣ. ಬಾಟಲಿ ತುಂಬುತ್ತಾ ಬಂತು. ಇನ್ನೂ ಇದೆ ಅಂದರೂ ನಿಲ್ಲಿಸಿದರು. ಒಂದೇ ಸಲಕ್ಕೆ ಪೂರ್ತಿ ಎಳೆದರೆ ಮುದುಡಿದ ಶ್ವಾಸಕೋಶ ತಡೆಯುವುದಿಲ್ಲವಂತೆ. ಕೊನೆಗೆ ಕೆಮ್ಮು ಬಂತು, ಅದರ ಹಿಂದೆಯೇ ಉಸಿರು ಬಂತು. ಅಯ್ಯೋ, ಎಂಥ ಉಸಿರು ಅಂತೀಯ! ನನಗೇ ಗೊತ್ತಿಲ್ಲದೆ ಅತ್ತುಬಿಟ್ಟೆ.

ಒಂದೇ ಬೇಜಾರು. ಸೇರಿಸಿಕೊಳ್ಳುವಾಗ ಸಿಸ್ಟರು, "ಜೊತೆಗೆ ಯಾರಿದ್ದಾರೆ?" ಅಂದರು. "ಈ ಚೀಲ ಇದೆ" ಅಂದೆ. ನಗುತ್ತಾರೆ ಅಂದುಕೊಂಡಿದ್ದೆ.

ನಿನ್ನ ಭಾವ


ಏಪ್ರಿಲ್ ೧೨

ಭಾವ,

ಕಾಗದ ಎರಡು ಸಲ ಓದಿದೆ. ಒಂದು ಸಲ ನನಗೆ, ಒಂದು ಸಲ ನರ್ಸಮ್ಮನಿಗೆ. ನೀವು ಬದುಕಿದಿರಿ, ನನಗೆ ಅಷ್ಟು ಸಾಕು. ಇನ್ನು ಮೇಲೆ ನನ್ನ ಬುದ್ಧಿವಂತಿಕೆ ನೆಲದ ಮೇಲೆ ಮಾತ್ರ.

ಆ ನೀರು ಏನು ಹೇಳಿತು? ಪರೀಕ್ಷೆಯಲ್ಲಿ ಬಂದದ್ದನ್ನು ಇದ್ದ ಹಾಗೆ ಬರೆಯಿರಿ. ನಾನು ಬರಬೇಕು ಅಂದರೆ ಒಂದು ಮಾತು ಸಾಕು, ಬರುತ್ತೇನೆ. ಬೇಡ ಅಂದರೂ ತಪ್ಪು ತಿಳಿಯುವುದಿಲ್ಲ.

ಭಾಮೈದ


ಏಪ್ರಿಲ್ ೨೪

ಭಾಮೈದನಿಗೆ,

ಫಲಿತಾಂಶ ಬಂತು. ಟಿಬಿಯಂತೆ. ಆರು ತಿಂಗಳು ಮಾತ್ರೆ, ಆಮೇಲೆ ಕುದುರೆ. ನೀನು ಬಂದು ಏನು ಮಾಡುತ್ತೀಯ, ನನ್ನ ಜೊತೆ ಕೂತು ಮಾತ್ರೆ ನುಂಗುತ್ತೀಯ? ಸುಮ್ಮನೆ ಕೆಲಸ ಕೆಡಿಸಿಕೊಳ್ಳಬೇಡ.

ನೀರು ಮತ್ತೆ ತುಂಬಿತ್ತು. ಅದಕ್ಕೆ ಅವರು ಮಾಡಿದ ಮದ್ದು ಕೇಳಿದರೆ ನೀನು ಕುಣಿಯುತ್ತೀಯ. ಪಕ್ಕೆಯಲ್ಲಿ ಸಣ್ಣ ಕೊಳವೆ ಇಟ್ಟು ನೀರೆಲ್ಲ ಇಳಿಸಿದರು. ಶ್ವಾಸಕೋಶ ಹಿಗ್ಗಿ ಗೋಡೆ ಮುಟ್ಟಿದೆಯೇ ಅಂತ ಎಕ್ಸ್‌ರೇಯಲ್ಲಿ ನೋಡಿದರು. ಮುಟ್ಟಿತ್ತು. ಆಮೇಲೆ ಅದೇ ಕೊಳವೆಯಿಂದ ಒಂದು ಬಿಳಿ ಪೌಡರನ್ನು ನೀರಿನಲ್ಲಿ ಕಲಸಿ ಒಳಗೆ ಬಿಟ್ಟರು, ನಾವು ಟೊಳ್ಳು ಬಿದ್ದ ಟೈಲ್ಸ್ ಕೆಳಗೆ ಸಿಮೆಂಟ್ ಹಾಲು ಬಿಡುವ ಹಾಗೇ! ಎಲ್ಲ ಕಡೆ ಹರಡಲಿ ಅಂತ ನನ್ನನ್ನು ಈ ಮಗ್ಗುಲು, ಆ ಮಗ್ಗುಲು, ಬೋರಲು, ಅಂಗಾತ ಹೊರಳಿಸಿದರು. ಎರಡು ಪೊರೆ ಅಂಟಿಕೊಂಡರೆ ನಡುವೆ ನೀರಿಗೆ ಜಾಗವೇ ಇಲ್ಲವಲ್ಲ. ನೋವು, ಜ್ವರ ಬಂದವು, ಹೋದವು. ಅಂಟಿದೆ ಅಂದರು. "ಒಳ್ಳೆ ಕೆಲಸಗಾರರು ನೀವು, ನನ್ನ ಜೊತೆ ಬಂದ್ಬಿಡಿ" ಅಂದೆ ಡಾಕ್ಟರಮ್ಮನಿಗೆ. ಅವರು ನಕ್ಕರು, ಆಮೇಲೆ ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದರು.

ಮನೆಗೆ ಬಂದಿದ್ದೇನೆ. ಎಲ್ಲ ಸರಿಯಾಗಿದೆ.

ನಿನ್ನ ಭಾವ


ಮೇ ೭

ಭಾವನವರಿಗೆ,

ಅಬ್ಬಾ, ಟಿಬಿ ತಾನೇ! ಗುಣವಾಗುವ ಕಾಯಿಲೆ. ಕಾಗದ ಬಂದ ರಾತ್ರಿ ನಾನು ತುಂಬ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ನರ್ಸಮ್ಮನಿಗೂ ಓದಿ ಹೇಳಿದೆ. "ಟಿಬಿ ಅಂದ್ರಾ? ಮತ್ತೆ ಪೌಡರ್ ಯಾಕೆ ಹಾಕಿದ್ರಂತೆ?" ಅಂತ ಕೇಳಿದರು. ಸಿಮೆಂಟ್ ಹಾಲಿನ ಲೆಕ್ಕ ವಿವರಿಸಿದೆ. ಕೇಳಿಸಿಕೊಂಡು, ಮಾತ್ರೆ ಡಬ್ಬಿ ಜೋಡಿಸಲು ಎದ್ದು ಹೋದರು. ಪಾಪ, ನಮ್ಮ ಕಸುಬು ಅವರಿಗೆ ಎಲ್ಲಿ ಅರ್ಥವಾಗಬೇಕು.

ಒಂದು ವಿಷಯ ಇಷ್ಟು ದಿನ ಬರೆದಿರಲಿಲ್ಲ. ನನ್ನ ಇಲ್ಲಿಯ ಕರಾರು ಮುಗಿಯಿತು. ಇನ್ನೂ ಮೂರು ವರ್ಷಕ್ಕೆ ಸಹಿ ಹಾಕು ಅನ್ನುತ್ತಿದ್ದಾರೆ. ನಿಮ್ಮ ಉತ್ತರ ನೋಡಿ ಹೇಳೋಣ ಅಂತ ತಡೆದಿದ್ದೆ. ಬರಬೇಡ ಅಂದಿರಿ, ಸರಿ. ಅಕ್ಕ ಹೋದ ಮೇಲೆ ನಾನು ನಿಮಗೆ ಏನಾಗಬೇಕು ಅಂತ ನಾನೂ ಯೋಚಿಸುತ್ತಿರುತ್ತೇನೆ. ಬಂದು ನಿಮ್ಮ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಕೂರಲಿ? ಬೇಜಾರಿನಿಂದ ಬರೆಯುತ್ತಿಲ್ಲ, ಇದ್ದದ್ದು ಹೇಳಿದೆ. ತಿಂಗಳ ಕೊನೆಗೆ ಸಹಿ ಹಾಕುತ್ತೇನೆ. ಮಾತ್ರೆ ತಪ್ಪಿಸಬೇಡಿ.

ನಿಮ್ಮ ಭಾಮೈದ


ಮೇ ೧೯

ಭಾಮೈದನಿಗೆ,

ಟಿಬಿ ಅಲ್ಲ.

ಮೊದಲು ಅದನ್ನು ಬರೆದುಬಿಟ್ಟೆ, ಇಲ್ಲದಿದ್ದರೆ ಎರಡು ಪುಟ ತಮಾಷೆ ಮಾಡಿ ಬರೆಯದೆಯೇ ಮುಗಿಸುತ್ತಿದ್ದೆ. ಆ ಪೊರೆಗೇ ಕ್ಯಾನ್ಸರ್ ಹತ್ತಿದೆ. ನೀರಿನಲ್ಲೇ ಸಿಕ್ಕಿತಂತೆ. ಪೌಡರ್ ಹಾಕಿದ್ದು ನೀರು ತುಂಬದಿರಲಿ, ಉಸಿರು ಕಟ್ಟದಿರಲಿ ಅಂತ, ಅಷ್ಟೇ. ಕಾಯಿಲೆಗಲ್ಲ. ಇಂಜೆಕ್ಷನ್ ಶುರು ಮಾಡಿದ್ದಾರೆ. ಎಷ್ಟು ದಿನ ಅಂತ ಕೇಳಿದೆ. "ಈ ವರ್ಷ ಚೆನ್ನಾಗಿರಲಿ ಅಂತ ನೋಡೋಣ" ಅಂದರು. ಈ ಸಲ ಎಲ್ಲ ಮಾತೂ ಕೇಳಿಸಿತು, ಹಾಳು ಕಿವಿ.

ನಿನ್ನ ತಲೆಯಲ್ಲಿ ಏನು ಓಡುತ್ತಿದೆ ಅಂತ ಬಲ್ಲೆ. ಜನವರಿಯಲ್ಲೇ ಎಕ್ಸ್‌ರೇ ತೆಗೆಸಿದ್ದರೆ ಉಳಿಯುತ್ತಿದ್ದೆನೇ ಅಂತ ನಿನಗೋಸ್ಕರವೇ ಡಾಕ್ಟರಮ್ಮನನ್ನು ಕೇಳಿದೆ. ಇಲ್ಲ ಅಂದರು. ಉಸಿರಿಲ್ಲದೆ ಒದ್ದಾಡಿದ್ದು ತಪ್ಪುತ್ತಿತ್ತು, ಕಾಯಿಲೆ ತಪ್ಪುತ್ತಿರಲಿಲ್ಲ. ನಿನ್ನ ಕಾಗದ ನನ್ನನ್ನು ಕೊಲ್ಲಲಿಲ್ಲ ಕಣೋ, ಆಸ್ಪತ್ರೆಗೆ ನೂಕಿತು.

ಸುಳ್ಳು ಯಾಕೆ ಬರೆದೆ ಅಂದರೆ, ಕಾಯಿಲೆಯವನು ಅಂತ ಕನಿಕರಪಟ್ಟು ನೀನು ಬರುವುದು ಬೇಡವಾಗಿತ್ತು. ಅಕ್ಕನಿಲ್ಲದ ಮನೆಗೆ ಬಾ ಅನ್ನಲು ನನಗೆ ಹಕ್ಕಿದೆಯೇ ಅಂತ ನಾನೂ ಮೂರು ವರ್ಷ ಯೋಚಿಸಿದ್ದೇನೆ. ನೀನು ನನಗೆ ಏನಾಗಬೇಕು ಅಂತ ಕೇಳಿದ್ದೀಯ. ಈ ಪ್ರಪಂಚದಲ್ಲಿ ನಾನು ಕಾಗದ ಬರೆಯುವುದು ಒಬ್ಬನಿಗೇ. ಅದಕ್ಕೆ ಏನು ಹೆಸರು ಅಂತ ನೀನೇ ಹೇಳು.

ಈಗ ನಿನ್ನ ಕಾಗದ ಕೈಯಲ್ಲಿ ಹಿಡಿದು ಕೂತರೆ ಮೂರು ವರ್ಷ ಅನ್ನುವ ಪದವೇ ಕಾಣುತ್ತದೆ. ಅಷ್ಟು ನನ್ನ ಹತ್ತಿರ ಇಲ್ಲ. ಇಂಜೆಕ್ಷನ್ ಮುಗಿಸಿ ಬಂದು ಬಾಗಿಲು ತೆಗೆದರೆ, ಹೇಗಾಯಿತು ಅಂತ ಕೇಳುವವರಿಲ್ಲ. ಸಾಯುವುದಕ್ಕೆ ಅಂಥ ಭಯವಿಲ್ಲ. ಒಬ್ಬನೇ ಇರುವುದಕ್ಕೆ ಭಯ. ಗಂಡಸಾಗಿ ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದೆ.

ಈ ಕಾಗದ ತಿಂಗಳ ಕೊನೆಯೊಳಗೆ ನಿನಗೆ ಮುಟ್ಟುವುದಿಲ್ಲ. ಆದ್ದರಿಂದ ನಾಳೆ ಬೆಳಿಗ್ಗೆ ಡಾಕ್ಟರಮ್ಮನ ಕೈಯಲ್ಲಿ ನಿಮ್ಮ ಆಫೀಸಿಗೆ ಫೋನ್ ಮಾಡಿಸುತ್ತೇನೆ. ಸಹಿ ಹಾಕಬೇಡ. ಬಾ.

ನಿನ್ನ ಭಾವ


ಮೇ ೨೦

ಭಾವ,

ಫೋನು ಬಂತು. ಆಫೀಸಿನ ತುಂಬ ಗದ್ದಲ, ಡಾಕ್ಟರಮ್ಮನ ದನಿ ನೀವು ಹೇಳಿದ ಹಾಗೇ ಮೆತ್ತಗೆ. "ನಿಮ್ಮ ಭಾವ ಹೇಳಿ ಅಂದ್ರು. ಸಹಿ ಹಾಕ್ಬೇಡ, ಬಾ, ಅಂತ" ಅಂದರು. ಹೇಗಿದ್ದಾರೆ ಅಂತ ಕೇಳಿದೆ. "ಪಕ್ಕದಲ್ಲೇ ಕೂತಿದ್ದಾರೆ, ನೀವು ಏನಂತೀರ ಅಂತ ನನ್ನ ಮುಖ ನೋಡ್ತಿದ್ದಾರೆ" ಅಂದರು. ಬರ್ತೀನಿ ಅಂದೆ. ಅವರು ಅದನ್ನು ನಿಮ್ಮ ಕಿವಿಗೆ ಕೂಗಿದ್ದು ನನಗೂ ಕೇಳಿಸಿತು.

ಆಮೇಲೆ ಕ್ಲಿನಿಕ್ಕಿಗೆ ಹೋಗಿ, ಪೌಡರ್ ಯಾತಕ್ಕೆ ಹಾಕುತ್ತಾರೆ ನಿಜ ಹೇಳಿ ಅಂತ ನರ್ಸಮ್ಮನ ಮುಂದೆ ಕೂತೆ. ಹೇಳಿದರು. ಟಿಬಿಗೆ ಅದನ್ನು ಹಾಕುವುದಿಲ್ಲವಂತೆ, ಕ್ಯಾನ್ಸರಿನ ನೀರಿಗೆ ಹಾಕುತ್ತಾರಂತೆ. ಅಂದೇ ಅವರಿಗೆ ಗೊತ್ತಾಗಿತ್ತಂತೆ, ಬಾಯಿ ಬರಲಿಲ್ಲವಂತೆ. ಅವರೂ ಅತ್ತರು.

ಪೆಟ್ಟಿಗೆ ಕಟ್ಟಿದ್ದೇನೆ. ಈ ಕಾಗದಕ್ಕಿಂತ ಮೊದಲು ನಾನೇ ಬಂದಿರುತ್ತೇನೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಎದುರಿಗೆ ಕೂತರೆ ನಾವಿಬ್ಬರೂ ಮತ್ತೆ ತಮಾಷೆಗೆ ಇಳಿಯುತ್ತೇವೆ. ನಾನೂ ಇಲ್ಲಿ ಆರಾಮವಾಗಿರಲಿಲ್ಲ ಭಾವ. ಸಂಜೆ ಎಲ್ಲರೂ ಅವರವರ ಭಾಷೆಯಲ್ಲಿ ನಗುವಾಗ ಮಂಚದ ಮೇಲೆ ಗೋಡೆ ನೋಡುತ್ತಾ ಕೂರುತ್ತಿದ್ದೆ. ನಿಮ್ಮ ಒಂದೊಂದು ಕಾಗದ ಒಡೆಯುವಾಗಲೂ, ಇದರಲ್ಲಾದರೂ ಬಾ ಅಂತ ಬರೆದಿರುತ್ತಾರೆ ಅಂದುಕೊಳ್ಳುತ್ತಿದ್ದೆ. ಮೂರು ವರ್ಷ ಅದನ್ನೇ ಕಾದೆ.

ಇದಕ್ಕೆ ಕರೆಯಲಿ ಅಂತ ಕಾದಿರಲಿಲ್ಲ.

ನಿಮ್ಮ ಭಾಮೈದ